ಕುದುರೆಯ ಲಕ್ಷಣ: ಸುಳಿಯೋ, ಗೊರಸೋ?

(ಉಪನ್ಯಾಸವೊಂದರ ಬರಹರೂಪ)

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಅಲ್ಲಿಯವರೆಗೆ ಚೆನ್ನಾಗಿಯೇ ನಡೆದು ಬಂದವನಿಗೆ ಎದುರಿಗೊಂದು ಕುದುರೆ ಕಂಡಕೂಡಲೇ ಕಾಲು ಸೋತುಬರುತ್ತದೆ. ಹತ್ತಿ ಕೂರುವ ಆಸೆ. ಗಾದೆ ಇರುವುದು ಮನುಷ್ಯನ ಸೋಮಾರಿತನವನ್ನು ಕುರಿತು. ಆದರೆ ಕುದುರೆ ಕೊಳ್ಳಲು ಹೊರಟವನು ಇದೇ ಗಾದೆಯನ್ನು ಇನ್ನೊಂದು ಅರ್ಥದಲ್ಲಿ ನೆನಪಿಡುವುದು ಒಳ್ಳೆಯದು. ಕುದುರೆಯನ್ನು ಕಂಡಾಗ ಅವನು ಮೊದಲು ಹುಡುಕಬೇಕಾದದ್ದು ಕಾಲುನೋವನ್ನೇ. ತನ್ನದನ್ನಲ್ಲ, ಕುದುರೆಯದನ್ನು. ಇವತ್ತು ಇರುವುದನ್ನು ಮಾತ್ರವಲ್ಲ, ನಾಳೆ ಬರಬಹುದಾದುದನ್ನೂ.

ಕುದುರೆಯ ಮೈಕಟ್ಟನ್ನು ನೋಡಿ ಅದರ ಗುಣದೋಷಗಳನ್ನು ಹೇಳುವ ವಿದ್ಯೆಯನ್ನು ನಮ್ಮ ಹಿಂದಿನವರು ಲಕ್ಷಣ ಪರೀಕ್ಷೆ ಎಂದು ಕರೆದರು. ಈ ‘ಲಕ್ಷಣ’ ಎಂಬ ಮಾತನ್ನು ಕನ್ನಡದಲ್ಲಿ ದಿನವೂ ಮೂರು ಅರ್ಥಗಳಲ್ಲಿ ಬಳಸುತ್ತೇವೆ. ಮಗು ಲಕ್ಷಣವಾಗಿದೆ ಎಂದರೆ ಅಂದವಾಗಿದೆ ಎಂದು ಅರ್ಥ. ಮಳೆ ಬರುವ ಲಕ್ಷಣವಿದೆ ಎಂದರೆ ಅದು ಮುಂದಾಗುವುದರ ಸೂಚನೆ. ರೋಗಲಕ್ಷಣ ಎಂದರೆ ಒಳಗಿನ ಸ್ಥಿತಿಯನ್ನು ಹೊರಗೆ ತೋರಿಸುವ ಗುರುತು. ಅಂದ, ಶಕುನ, ದೇಹಸ್ಥಿತಿ: ಈ ಮೂರೂ ಕುದುರೆಯ ಪರೀಕ್ಷೆಯಲ್ಲಿ ಎರಡು ಸಾವಿರ ವರ್ಷಗಳಿಂದ ಒಂದರೊಳಗೊಂದು ಹೆಣೆದುಕೊಂಡು ಬಂದಿವೆ. ಯಾವುದು ಯಾವುದೆಂದು ಬಿಡಿಸಿ ನೋಡದಿದ್ದರೆ ನಷ್ಟ ಕೊಂಡವನಿಗೆ ಸ್ವಲ್ಪ, ಕುದುರೆಗೆ ಬಹಳ.

ಮೊದಲು ನಮ್ಮ ಶಾಸ್ತ್ರಗಳನ್ನೇ ನೋಡೋಣ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೇ ಇದೆ. ಲಾಯಕ್ಕೆ ಬಂದ ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ದರ್ಜೆ, ಬಂದ ಮೂಲ ಇವನ್ನೆಲ್ಲ ಆತ ಬರೆದಿಡಬೇಕು. ಕಾಂಬೋಜ, ಸಿಂಧು, ಆರಟ್ಟ, ವನಾಯು ದೇಶಗಳ ಕುದುರೆಗಳು ಉತ್ತಮ ಎನ್ನುತ್ತಾನೆ ಕೌಟಿಲ್ಯ. ಉತ್ತಮ ಕುದುರೆಯ ಮುಖ 32 ಅಂಗುಲ. ಉದ್ದ ಐದು ಮುಖ, ಎತ್ತರ ಜಂಘೆಯ ನಾಲ್ಕು ಪಟ್ಟು. ಅಂದರೆ ಕುದುರೆಯನ್ನು ಅಳೆಯಲು ಕುದುರೆಯ ಅಂಗಗಳೇ ಮಾನದಂಡ. ಇದಾಗಿ ಎಷ್ಟೋ ಶತಮಾನಗಳ ಮೇಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿ 1761ರಲ್ಲಿ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ ಕ್ಲೋದ್ ಬೂರ್ಜೆಲಾ ಕೂಡ ತಲೆಯ ಉದ್ದವನ್ನೇ ಅಳತೆಗೋಲಾಗಿ ಹಿಡಿದು, ಕುದುರೆ ಎರಡೂವರೆ ತಲೆಯಷ್ಟು ಎತ್ತರವಿರಬೇಕೆಂದ. ಅಂಕಿಗಳು ಬೇರೆ, ವಿಚಾರ ಒಂದೇ. ಒಂದೊಂದು ಅಂಗವೂ ತಾನೇ ಎಷ್ಟು ಚೆನ್ನ ಎನ್ನುವುದಕ್ಕಿಂತ ಒಂದಕ್ಕೊಂದು ಹೊಂದುತ್ತದೆಯೇ ಎಂಬುದು ಮುಖ್ಯ.

ಇದರ ಜೊತೆಗೇ ಬೆಳೆದದ್ದು ಸುಳಿಶಾಸ್ತ್ರ. ಅಶ್ವವಿದ್ಯೆಗೆ ಮೂಲಪುರುಷನೆಂದು ಹೇಳುವ ಶಾಲಿಹೋತ್ರನ ಪರಂಪರೆಯಲ್ಲಿ, ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ, ಕೂದಲ ಸುಳಿಗಳು ಕುದುರೆಯ ಮೈಯಲ್ಲಿ ಎಲ್ಲಿದ್ದರೆ ಒಡೆಯನಿಗೆ ಶುಭ, ಎಲ್ಲಿದ್ದರೆ ಕೇಡು ಎಂಬ ವಿವರಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೂ ಕುದುರೆಗಳ ಲಕ್ಷಣವನ್ನು ಹೇಳುತ್ತದೆ. ಕನ್ನಡದಲ್ಲಿ ಅಭಿನವಚಂದ್ರ ಅಶ್ವವೈದ್ಯವನ್ನು ಕುರಿತು ಬರೆದ. ನಾಲ್ಕು ಕಾಲೂ ಮುಖವೂ ಬಿಳಿಯಿರುವ ಪಂಚಕಲ್ಯಾಣಿ ಕುದುರೆ ಕಥೆಗಳಲ್ಲಿ ರಾಜಕುಮಾರರ ಪಾಲಿಗೇ ಮೀಸಲು. ಇಂದಿಗೂ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ‘ಸುಳಿ ಸುದ್ದ ಇದೆಯೇ?’ ಎಂದು ಕೇಳುವುದುಂಟು. ಅದೇ ಮಾತು ಮನುಷ್ಯರ ನಡತೆಗೂ ಅಂಟಿಕೊಂಡಿದೆ.

ಈ ಪರೀಕ್ಷೆ ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ದಕ್ಷಿಣ ಭಾರತದ ಹವೆ, ಮೇವು ದೊಡ್ಡ ಯುದ್ಧಕುದುರೆಗಳ ಸಾಕಣೆಗೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಅರಬ್ಬೀ ಸಮುದ್ರ ದಾಟಿ ಕುದುರೆಗಳು ಬರುತ್ತಿದ್ದವು. ವಿಜಯನಗರದ ದೊರೆ ವರ್ಷಕ್ಕೆ 13,000 ಕುದುರೆಗಳನ್ನು, ಓರ್ಮುಜ್‌ನಿಂದ ಬಂದವನ್ನೂ ನಾಡತಳಿಯವನ್ನೂ ಸೇರಿಸಿ, ಕೊಳ್ಳುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ತನ್ನ ಲಾಯಕ್ಕೆ ಇಟ್ಟುಕೊಂಡು, ನಾಡತಳಿಯವನ್ನು ಸಾವಿರ ಪರ್ದಾವ್ ಹಣಕ್ಕೆ ಐದರಂತೆ ನಾಯಕರಿಗೆ ಮಾರಿ ಲಾಭ ಮಾಡುತ್ತಿದ್ದನಂತೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ನಡೆಯುವ ಕುದುರೆಗಳನ್ನು ಇಂದೂ ನೋಡಬಹುದು. ಇಂಥ ವ್ಯಾಪಾರದಲ್ಲಿ ‘ಒಳ್ಳೆಯವನ್ನು ಆರಿಸಿ’ ಎಂಬ ಎರಡು ಮಾತಿನ ಬೆಲೆ ಎಷ್ಟೆಂದು ಊಹಿಸಬಹುದು. ಆರಿಸುವವನ ಕಣ್ಣು ತಪ್ಪಿದರೆ ಖಜಾನೆಗೂ ಪೆಟ್ಟು, ರಣರಂಗದಲ್ಲೂ ಪೆಟ್ಟು.

ಕಣ್ಣು ತಪ್ಪದಿದ್ದರೂ ಸಾಲದು ಎನ್ನುವುದಕ್ಕೆ ಮಾರ್ಕೊ ಪೋಲೋ ಸಾಕ್ಷಿ. 13ನೆಯ ಶತಮಾನದಲ್ಲಿ ತಮಿಳು ಕರಾವಳಿಯ ರಾಜರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ ನೂರೂ ಉಳಿಯುತ್ತಿರಲಿಲ್ಲ ಎನ್ನುತ್ತಾನೆ ಆತ. ಅವುಗಳ ಆರೈಕೆ ಬಲ್ಲವರು ಅಲ್ಲಿರಲಿಲ್ಲ. ಕುದುರೆ ಮಾರುವ ವರ್ತಕರು ಅಂಥವರನ್ನು ಅಲ್ಲಿಗೆ ಹೋಗಗೊಡುತ್ತಲೂ ಇರಲಿಲ್ಲವಂತೆ. ಕುದುರೆ ಸತ್ತಷ್ಟೂ ವ್ಯಾಪಾರಕ್ಕೆ ಲಾಭವಲ್ಲವೇ!

ಹಾಗಾದರೆ ಬಲ್ಲವರು ನೋಡುವುದು ಏನನ್ನು? ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ ಪರೀಕ್ಷೆಯನ್ನು ಪಾದದಿಂದ ಆರಂಭಿಸುತ್ತಾನೆ. ತಳಪಾಯ ಕೆಟ್ಟ ಮನೆಯ ಮೇಲ್ಭಾಗ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹಾಗೆಯೇ ಪಾದ ಕೆಟ್ಟ ಕುದುರೆ ಎಂಬುದು ಅವನ ವಾದ. ಗೊರಸಿನ ಗೋಡೆ ದಪ್ಪವಿರಬೇಕು, ಗಟ್ಟಿ ನೆಲದ ಮೇಲೆ ನಡೆದರೆ ತಾಳದಂತೆ ಸದ್ದಾಗಬೇಕು ಎನ್ನುತ್ತಾನೆ.

ಪಾದಕ್ಕೆ ಇಷ್ಟು ಮಹತ್ವ ಏಕೆಂಬುದು ಕುದುರೆಯ ದೇಹರಚನೆ ತಿಳಿದರೆ ಅರ್ಥವಾಗುತ್ತದೆ. ಕುದುರೆ ನಿಂತಿರುವುದು ಪ್ರತಿ ಕಾಲಿನ ಒಂದೇ ಬೆರಳ ತುದಿಯ ಮೇಲೆ. ಗೊರಸು ಎಂದರೆ ಆ ಬೆರಳಿನ ಉಗುರು. ಮುಂಗಾಲಿನಲ್ಲಿ ಮಂಡಿಯಂತೆ ಕಾಣುವುದು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗೆಣ್ಣು ನಮ್ಮ ಹಿಮ್ಮಡಿ. ಈ ಕೀಲುಗಳಿಂದ ಕೆಳಗೆ ಮಾಂಸಖಂಡವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಮೂಳೆ, ಸ್ನಾಯುರಜ್ಜು, ಚರ್ಮ ಮಾತ್ರ. ನಾಲ್ಕೈದು ನೂರು ಕಿಲೋ ತೂಕದ ಪ್ರಾಣಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ನಾಗಾಲೋಟದಲ್ಲಿ ಒಂದೇ ಕಾಲು ನೆಲದಲ್ಲಿರುವ ಕ್ಷಣ ಅದರ ಮೇಲಿನ ಒತ್ತಡ ಮೈತೂಕದ ಎರಡು ಪಟ್ಟನ್ನೂ ಮೀರುತ್ತದೆ. ಕಾಲಿನ ಮೂಳೆಗಳು ನೇರವಾಗಿ ಒಂದರ ಮೇಲೊಂದು ಕೂತಿದ್ದರೆ ಈ ಭಾರ ಸಮನಾಗಿ ಹಂಚಿಹೋಗುತ್ತದೆ. ಓರೆಯಾಗಿದ್ದರೆ ಒಂದೇ ಕಡೆಗೆ ಒತ್ತುತ್ತದೆ. ಆ ಕಡೆ ಮೊದಲು ಸವೆಯುತ್ತದೆ.

ಈಗ ಕುದುರೆಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಎದುರಿನಿಂದ ನೋಡೋಣ. ಭುಜದ ಮುಂದಿನ ತುದಿಯಿಂದ ತೂಗುಬಿಟ್ಟ ದಾರ ಮಂಡಿಯನ್ನೂ ಗೊರಸನ್ನೂ ಸರಿಯಾಗಿ ಎರಡು ಪಾಲು ಮಾಡಬೇಕು. ಗೊರಸಿನ ತುದಿ ಒಳಕ್ಕೆ ತಿರುಗಿದ್ದರೆ ನಡೆಯುವಾಗ ಪಾದ ಹೊರಕ್ಕೆ ಬಳಸಿ ಬೀಳುತ್ತದೆ. ಹೊರಕ್ಕೆ ತಿರುಗಿದ್ದರೆ ಪಾದ ಒಳಕ್ಕೆ ಬೀಸಿ ಪಕ್ಕದ ಕಾಲಿಗೇ ತಾಗಿ ಗಾಯವಾಗಬಹುದು. ಪಕ್ಕದಿಂದ ನೋಡಿದಾಗ ಮುಂಗಾಲಿನ ಮಂಡಿ ಕೊಂಚ ಮುಂದಕ್ಕೆ ಬಾಗಿದ್ದರೆ ಅಷ್ಟು ಭಯವಿಲ್ಲ. ಹಿಂದಕ್ಕೆ ಬಾಗಿದ್ದರೆ ಮಾತ್ರ ಓಡುವ ಕುದುರೆಗೆ ಅದು ಗಂಭೀರ ದೋಷ. ಮಂಡಿಯ ಸಣ್ಣ ಮೂಳೆಗಳ ಮುಂಭಾಗ ಜಜ್ಜಿ ಚೂರೇಳುವ ಅಪಾಯವುಂಟು.

ಗೊರಸಿಗೂ ಅದರ ಮೇಲಿನ ಗೆಣ್ಣಿಗೂ ನಡುವೆ ಓರೆಯಾಗಿರುವ ಗೇಣಿಗೂ ಕಡಿಮೆಯ ಭಾಗವಿದೆಯಲ್ಲ, ಅದು ಗಾಡಿಯ ಸ್ಪ್ರಿಂಗ್ ಇದ್ದಂತೆ. ಅದು ತೀರ ಉದ್ದವಾಗಿ ಬಾಗಿದ್ದರೆ ಸವಾರನಿಗೆ ಸುಖ, ಕುದುರೆಯ ಸ್ನಾಯುರಜ್ಜಿಗೆ ಕಷ್ಟ. ತೀರ ಗಿಡ್ಡವಾಗಿ ನೆಟ್ಟಗಿದ್ದರೆ ಪ್ರತಿ ಹೆಜ್ಜೆಯ ಪೆಟ್ಟೂ ಮೂಳೆಗೆ ನೇರವಾಗಿ ಏರುತ್ತದೆ. ಭುಜ ಓರೆಯಾಗಿದ್ದರೆ ಹೆಜ್ಜೆ ನೀಳವಾಗುತ್ತದೆ. ಹಿಂಗಾಲು ಕುಡುಗೋಲಿನಂತೆ ಮುಂದಕ್ಕೆ ಬಾಗಿದ್ದರೆ ಹಿಮ್ಮಡಿಯ ಹಿಂಭಾಗಕ್ಕೆ ಬಿಗಿತ ಬೀಳುತ್ತದೆ. ಹೀಗೆ ಇಲ್ಲಿನ ಪ್ರತಿಯೊಂದು ‘ಲಕ್ಷಣ’ಕ್ಕೂ ಒಂದು ಕಾರಣವಿದೆ, ಒಂದು ಪರಿಣಾಮವಿದೆ.

ನಿಂತ ಕುದುರೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಓಡಿಸಿದರೆ ಉಳಿದರ್ಧ ಹೊರಬೀಳುತ್ತದೆ. ಮುಂಗಾಲು ನೋಯುವ ಕುದುರೆ ನೋವಿನ ಕಾಲು ನೆಲಕ್ಕೆ ತಾಗಿದಾಗ ತಲೆಯೆತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಇನ್ನು ಹಲ್ಲು. ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದಂತೆ. ದುಡ್ಡು ಕೊಟ್ಟ ಕುದುರೆಯ ಹಲ್ಲು ನೋಡಲೇಬೇಕು. ಐದನೆಯ ವರ್ಷದ ಹೊತ್ತಿಗೆ ಮುಂಬಾಯಿಯ ಹಾಲುಹಲ್ಲುಗಳೆಲ್ಲ ಬಿದ್ದು ಶಾಶ್ವತ ಹಲ್ಲುಗಳು ಬಂದಿರುತ್ತವೆ. ಆಮೇಲೆ ಅವುಗಳ ಸವೆತದಿಂದ ವಯಸ್ಸನ್ನು ಅಂದಾಜು ಮಾಡಬೇಕು. ಹಲ್ಲನ್ನು ಕೊರೆದು ಕಪ್ಪು ಮಾಡಿ ಮುದಿ ಕುದುರೆಯನ್ನು ಎಳೆಯದೆಂದು ಮಾರುವ ಕೈಚಳಕವೂ ಹಳೆಯದೇ.

ಹಾಗೆಂದು ಸುಳಿಯ ಮಾತೆಲ್ಲ ಬರಿಯ ಹುಸಿ ಎಂದು ತಳ್ಳಿಬಿಡಬೇಕೇ? ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಹಿಡಿದು ನಿಲ್ಲಿಸಿದಾಗ ಹೆಚ್ಚು ಗಾಬರಿಗೊಂಡದ್ದು ಕಂಡುಬಂತು. ಭ್ರೂಣದಲ್ಲಿ ಚರ್ಮವೂ ಮಿದುಳೂ ಒಂದೇ ಪದರದಿಂದ ಬೆಳೆಯುವುದರಿಂದ ಇಂಥ ನಂಟು ಇರಬಹುದೆಂಬುದು ಅದಕ್ಕೆ ಕೊಡುವ ವಿವರಣೆ. ಪ್ರಾಣಿಗಳೊಡನೆ ಬಾಳಿದ ಹಿರಿಯರು ಸುಳಿಗೂ ಸ್ವಭಾವಕ್ಕೂ ಸಂಬಂಧ ಕಂಡಿದ್ದರೆ ಅದು ಬರಿಯ ಕಲ್ಪನೆಯಾಗಿರಬೇಕಿಲ್ಲ. ಆದರೆ ಸುಳಿ ಪ್ರಾಣಿಯ ಸ್ವಭಾವದ ಬಗ್ಗೆ ಏನಾದರೂ ಹೇಳೀತು. ಒಡೆಯನ ಮನೆಯ ಸಾವುನೋವಿನ ಬಗ್ಗೆ ಏನನ್ನೂ ಹೇಳಲಾರದು.

ಶಕುನದ ಮೋಹ ಹೀಗಾದರೆ ಅಂದದ ಮೋಹ ಇನ್ನೂ ಅಪಾಯದ್ದು. ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ 1969ರಲ್ಲಿ ‘ಇಂಪ್ರೆಸಿವ್’ ಎಂಬ ಗಂಡುಮರಿ ಹುಟ್ಟಿತು. ತುಂಬಿ ಉಬ್ಬಿದ ಮಾಂಸಖಂಡಗಳ ಅದರ ಮೈ ಪ್ರದರ್ಶನಗಳ ತೀರ್ಪುಗಾರರ ಮನಸೂರೆಗೊಂಡಿತು. ಮೈಕಟ್ಟಿನ ಸ್ಪರ್ಧೆಗಳಲ್ಲಿ ಅದರ ಸಂತತಿಯೇ ಗೆಲ್ಲತೊಡಗಿದಾಗ ಎಲ್ಲರೂ ಅದೇ ರಕ್ತವನ್ನು ಬಯಸಿದರು. ಆದರೆ ಆ ವಂಶದ ಎಷ್ಟೋ ಕುದುರೆಗಳು ಇದ್ದಕ್ಕಿದ್ದಂತೆ ನಡುಗಿ, ನಿತ್ರಾಣವಾಗಿ ನೆಲಕ್ಕೆ ಬೀಳುತ್ತಿದ್ದವು, ಕೆಲವು ಸಾಯುತ್ತಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಸ್ನಾಯು ಸ್ವಾಧೀನ ತಪ್ಪುವ ಈ ಆನುವಂಶಿಕ ಕಾಯಿಲೆಗೆ ಒಂದು ಜೀನಿನ ದೋಷ ಕಾರಣವೆಂದು 1992ರಲ್ಲಿ ಗೊತ್ತಾಯಿತು. ದೋಷದ ಎರಡು ಪ್ರತಿಗಳನ್ನೂ ಹೊತ್ತ ಮರಿಗಳನ್ನು ನೋಂದಾಯಿಸಬಾರದೆಂಬ ನಿಯಮ 2007ರಿಂದ ಹುಟ್ಟಿದ ಮರಿಗಳಿಗೆ ಜಾರಿಗೆ ಬಂತು. ನೋಡುವ ಕಣ್ಣಿಗೆ ಗುಣವಾಗಿ ಕಂಡದ್ದರ ಜೊತೆಯಲ್ಲೇ ರೋಗವೂ ಮನೆಮನೆಗೆ ಹಂಚಿಹೋಗಿತ್ತು.

ಇದಕ್ಕೆ ವಿರುದ್ಧದ ಉದಾಹರಣೆ ಅದೇ ದೇಶದ ‘ಸೀಬಿಸ್ಕೆಟ್’. ಗಿಡ್ಡ ಮೈ, ಗಂಟು ಗಂಟಾದ ಮಂಡಿ. ಲಕ್ಷಣ ಬಲ್ಲವರು ಮೆಚ್ಚುವಂಥದ್ದಲ್ಲ. 1937ರಲ್ಲಿ ಅಮೆರಿಕದ ಮೂರು ದೊಡ್ಡ ಪಂದ್ಯಗಳನ್ನೂ ಗೆದ್ದಿದ್ದ ‘ವಾರ್ ಅಡ್ಮಿರಲ್’ನನ್ನು 1938ರ ನವೆಂಬರ್ 1ರಂದು ಈ ಕುದುರೆ ಸೋಲಿಸಿತು. ಆದರೆ ಇದರಿಂದ ಮೈಕಟ್ಟಿನ ಶಾಸ್ತ್ರವೇ ಸುಳ್ಳೆಂದು ತಿಳಿಯಬಾರದು. ಮರುವರ್ಷ ಅದರ ಮುಂಗಾಲಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಲಾಯದಲ್ಲಿರಬೇಕಾಯಿತು. ದೋಷವಿದ್ದೂ ಗೆದ್ದ ಕುದುರೆಯ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ದೋಷದಿಂದ ಕುಂಟಿ ಮೂಲೆ ಸೇರಿದ ನೂರಾರು ಕುದುರೆಗಳ ಹೆಸರು ಉಳಿಯುವುದಿಲ್ಲ.

ದೋಷವೇ ಇಲ್ಲದ ಕುದುರೆ ಎಲ್ಲಿಯೂ ಇಲ್ಲ. ಆದ್ದರಿಂದ ಪರೀಕ್ಷಕ ಕೇಳಬೇಕಾದ ಪ್ರಶ್ನೆ, ಈ ದೋಷ ಯಾವ ಕೆಲಸಕ್ಕೆ ಅಡ್ಡಿ ಎಂಬುದು. ಪಂದ್ಯದಲ್ಲಿ ಓಡುವ ಕುದುರೆಗೆ ಮಾರಕವಾದ ಮಂಡಿ, ಮೆಲ್ಲಗೆ ನಡೆಯುವ ಕುದುರೆಗೆ ಅಷ್ಟು ಬಾಧಕವಾಗದಿರಬಹುದು. ಭೀಮಾ ನದಿಯ ದಂಡೆಯ ಭೀಮಥಡಿ ಕುದುರೆ ಅರಬ್ಬೀ ಕುದುರೆಯ ಠೀವಿಯದಲ್ಲ. ಆದರೂ ದಖನ್ನಿನ ಕಲ್ಲುನೆಲದಲ್ಲಿ ಮರಾಠ ದಂಡುಗಳನ್ನು ಹೊತ್ತು ತಿರುಗಿತು.

ಇಂದು ಕುದುರೆ ಯುದ್ಧಕ್ಕೆ ಹೋಗುವುದಿಲ್ಲ. ಪಂದ್ಯದ ಮೈದಾನದಲ್ಲಿ, ಮೈಸೂರಿನ ಟಾಂಗಾದಲ್ಲಿ, ಮದುವೆಯ ಮೆರವಣಿಗೆಯಲ್ಲಿ ಅದಿನ್ನೂ ದುಡಿಯುತ್ತಿದೆ. ಡಾಂಬರು ರಸ್ತೆಯ ಮೇಲೆ ದಿನವಿಡೀ ಬೀಳುವ ಪೆಟ್ಟನ್ನು ತಾಳಿಕೊಳ್ಳಬೇಕಾದದ್ದು ಅದೇ ಬೆರಳ ತುದಿ. ತನಗೆ ಹೊರಲಾಗದ ಕೆಲಸವಿದು ಎಂದು ಕುದುರೆ ಬಾಯಿಬಿಟ್ಟು ಹೇಳಲಾರದು. ಆದರೆ ಅದರ ಕಾಲು ಮೊದಲೇ ಹೇಳಿರುತ್ತದೆ. ಕೊಳ್ಳುವವನು ಹಣೆಯ ಸುಳಿಯನ್ನು ಬೇಕಾದರೆ ಆಮೇಲೆ ನೋಡಲಿ. ಮೊದಲು ಬಗ್ಗಿ, ಕಾಲೆತ್ತಿ, ಗೊರಸಿನ ಅಡಿಯನ್ನು ನೋಡಲಿ.