ಮೊದಲ ಕೆತ್ತನೆಗೆ ತೀರ್ಪು

ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯನ್ನು ನೋಡಿ ಪಳಗಿದ ಕಣ್ಣು ಮಕ್ಕಳ ಮೊದಲ ಕೆತ್ತನೆಗಳ ಮುಂದೆ ಸ್ವಲ್ಪ ತಡೆಯಬೇಕು. ಅಲ್ಲಿನ ನಯಕ್ಕೆ ತಲೆಮಾರುಗಳ ಅಭ್ಯಾಸದ ಬೆಂಬಲವಿದೆ. ಇಲ್ಲಿರುವುದು ಕೆಲವೇ ತಿಂಗಳ ಕಲಿಕೆ. ಹಾಗೆಂದು ಕರುಣೆಯಿಂದ ಅಂಕ ಕೊಡುವುದೂ ಸಲ್ಲದು.

ತೀರ್ಪುಗಾರರು ಮೊದಲು ನೋಡಬೇಕಾದದ್ದು ಉಳಿಯ ಗುರುತನ್ನು. ಮರದ ಎಳೆಯನ್ನು ಅನುಸರಿಸಿ ನಡೆದ ಹರಿತವಾದ ಉಳಿ ನುಣುಪಾದ ಮೈಯನ್ನು ಬಿಟ್ಟುಹೋಗುತ್ತದೆ. ಎದುರಾಗಿ ನಡೆದರೆ ನಾರು ಕಿತ್ತುಬರುತ್ತದೆ. ಕಿತ್ತ ಕಡೆ ದಿಕ್ಕು ಬದಲಿಸಿ ಕೆತ್ತಿದ ಮಗು ಮರದಿಂದಲೇ ಪಾಠ ಕಲಿತಿದೆ. ಎಲ್ಲವನ್ನೂ ಉಪ್ಪುಕಾಗದದಿಂದ ತಿಕ್ಕಿ, ಮೇಲೆ ಮೆರುಗೆಣ್ಣೆ ಬಳಿದ ಕೃತಿ ದೂರಕ್ಕೆ ಚೆನ್ನಾಗಿ ಕಂಡೀತು. ಆದರೆ ಅದಕ್ಕೇ ಬಹುಮಾನವಿತ್ತರೆ, ಮುಂದಿನ ವರ್ಷ ಮಕ್ಕಳು ಉಳಿಯನ್ನು ಸಾಣೆ ಹಿಡಿಯುವುದನ್ನು ಬಿಟ್ಟು ಮೆರುಗೆಣ್ಣೆಯನ್ನೇ ಹುಡುಕುತ್ತಾರೆ.

ಇನ್ನು ಸೊಂಡಿಲು ಮುರಿದ ಆನೆಯ ಮಾತು. ಎಳೆಗೆ ಅಡ್ಡಲಾಗಿ ಚಾಚಿದ ತೆಳುವಾದ ಭಾಗ ಸುಲಭವಾಗಿ ಮುರಿಯುತ್ತದೆ. ಇಲ್ಲಿ ಮರದ ತುಂಡನ್ನು ಇಟ್ಟುಕೊಂಡ ರೀತಿಯೇ ತಪ್ಪು. ಅದನ್ನು ಕೆತ್ತಿದ ಹುಡುಗಿಗೆ ಇಷ್ಟನ್ನು ತಿಳಿಯಹೇಳಿದರೆ, ಅವಳ ಎರಡನೆಯ ಆನೆಗೆ ಸೊಂಡಿಲು ಉಳಿದೀತು.

ಬಹುಮಾನಗಳು ಮೂರೇ ಇರಬಹುದು. ಆದರೆ ಕೆತ್ತನೆಯನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ ಹೇಳಿದ ಒಂದು ನಿಜವಾದ ಮಾತು ಪ್ರತಿಯೊಂದು ಮಗುವಿಗೂ ಸಲ್ಲಬೇಕಾದದ್ದು.