ಟವಲು ಎಸೆದ ಕೈ

ಕುಸ್ತಿಯ ಮಾತೆಂದರೆ ನನಗೆ ಕಿವಿ ನಿಮಿರುತ್ತದೆ. ತರಗತಿಯಲ್ಲಿ ಸಂಧಿ ಸಮಾಸ ಹೇಳಿಕೊಡುವವನಿಗೆ ಇದೆಂಥ ಚಪಲ ಎಂದು ನೀವು ಕೇಳಬಹುದು. ಕೇಳಿದರೆ ತಪ್ಪಿಲ್ಲ. ಆದರೆ ಕನ್ನಡ ಕಲಿಸುವವನು ಮಲ್ಲರಿಂದ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಸ್ಥಳ ಮೀಸಲಿಟ್ಟಿದ್ದಾನೆ, ರನ್ನನ ಕಾವ್ಯ ನಿಂತಿರುವುದೇ ಒಂದು ಗದೆಯ ಕಾಳಗದ ಮೇಲೆ.

ಈಗ ಲೋಕದಲ್ಲೆಲ್ಲ ಹೆಸರಾಗಿರುವ ಮಿಶ್ರ ಸಮರಕಲೆಯನ್ನು ನಿಮ್ಮ ಮನೆಯ ಹುಡುಗರು ನೋಡಿಯೇ ಇರುತ್ತಾರೆ. ಕುಸ್ತಿ, ಮುಷ್ಟಿಯುದ್ಧ, ಜೂಡೊ, ಒದೆತ ಎಲ್ಲವೂ ಒಂದೇ ಅಖಾಡದಲ್ಲಿ ಸೇರಿದ ಕಾಳಗ ಅದು. ಇದರಲ್ಲಿ ಸೋಲುವುದಕ್ಕೂ ಹಲವು ದಾರಿಗಳುಂಟು. ಜ್ಞಾನ ತಪ್ಪಿ ಬೀಳಬಹುದು. ರೆಫರಿ ನಡುವೆ ಬಂದು ತಡೆಯಬಹುದು. ಕೊನೆಗೆ ತೀರ್ಪುಗಾರರು ಎದುರಾಳಿಯ ಕಡೆಗೆ ತೀರ್ಪು ಕೊಡಬಹುದು. ಇನ್ನೆರಡು ದಾರಿಗಳೇ ನನ್ನ ಮನಸ್ಸನ್ನು ಹಿಡಿದಿರುವುದು. ಪಟ್ಟು ತಾಳಲಾರದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸೋಲೊಪ್ಪಿದಂತೆ. ಅವನು ತಟ್ಟದಿದ್ದರೆ, ಮೂಲೆಯಲ್ಲಿ ನಿಂತ ಅವನ ಕಡೆಯವರು ಒಂದು ಟವಲನ್ನು ಒಳಕ್ಕೆ ಎಸೆಯಬಹುದು. ಅಲ್ಲಿಗೆ ಕಾಳಗ ಮುಗಿಯಿತು.

2000ದ ಮೇ 1ರಂದು ಟೋಕಿಯೋ ಡೋಮ್‌ನಲ್ಲಿ ನಡೆದ ಪಂದ್ಯವೊಂದನ್ನು ನಾನು ಚಿತ್ರಮುದ್ರಿಕೆಯಲ್ಲಿ ಅನೇಕ ಬಾರಿ ನೋಡಿದ್ದೇನೆ. ಒಂದು ಕಡೆ ಬ್ರೆಜಿಲ್ ದೇಶದ ರಾಯ್ಸ್ ಗ್ರೇಸಿ. 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಒಂದೇ ರಾತ್ರಿ ಮೂವರನ್ನು ಸೋಲಿಸಿ, ತೂಕಕ್ಕಿಂತ ವಿದ್ಯೆ ಹೆಚ್ಚು ಎಂದು ತೋರಿಸಿಕೊಟ್ಟವನು. ಇನ್ನೊಂದು ಕಡೆ ಜಪಾನಿನ ಕಜುಶಿ ಸಕುರಾಬಾ. ಮುಖವಾಡ ತೊಟ್ಟು ಅಖಾಡಕ್ಕೆ ಬರುವ ವಿನೋದಗಾರ. ಪಟ್ಟಿಗೆ ಇಳಿದನೆಂದರೆ ಮಾತ್ರ ವಿನೋದ ಅಲ್ಲಿಗೇ ನಿಂತಿತು.

ಈ ಹಗೆತನಕ್ಕೆ ಒಂದು ಪೂರ್ವಕಥೆಯಿದೆ. 1951ರ ಅಕ್ಟೋಬರ್ 23ರಂದು ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ರಾಯ್ಸ್‌ನ ತಂದೆ ಹೀಲಿಯೊ ಗ್ರೇಸಿಯು ಜಪಾನಿನ ಜೂಡೊ ಮಲ್ಲ ಮಸಾಹಿಕೊ ಕಿಮುರಾನನ್ನು ಎದುರಿಸಿದ. ಕಿಮುರಾ ತೂಕದಲ್ಲಿಯೂ ಬಲದಲ್ಲಿಯೂ ಹೆಚ್ಚು. ಎರಡನೆಯ ಸುತ್ತಿನಲ್ಲಿ ಅವನು ಹೀಲಿಯೊವಿನ ತೋಳನ್ನು ಹಿಡಿದು ಹಿಂದಕ್ಕೆ ತಿರುಚಿದ. ಮೂಳೆ ಮುರಿಯಿತೆಂದು ಕಿಮುರಾ ಮುಂದೆ ಬರೆದಿದ್ದಾನೆ. ಆದರೂ ಹೀಲಿಯೊ ತಟ್ಟಲಿಲ್ಲ. ಟವಲು ಎಸೆದವನು ಅವನ ಅಣ್ಣ ಕಾರ್ಲೋಸ್. ಆ ಪಟ್ಟಿಗೆ ಇಂದಿಗೂ ಕಿಮುರಾ ಎಂದೇ ಹೆಸರು. ಗೆದ್ದವನ ಹೆಸರನ್ನು ಸೋತವರೇ ಉಳಿಸಿಕೊಂಡು ಬಂದಿದ್ದಾರೆ.

ಆ ತಂದೆ, ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ, ಟೋಕಿಯೋದಲ್ಲಿ ಮಗನ ಕಡೆಗೆ ಬಂದು ನಿಂತಿದ್ದ. ಗ್ರೇಸಿ ಮನೆತನದವರು ಆ ಪಂದ್ಯಕ್ಕೆ ಬೇರೆಯೇ ನಿಯಮ ಕೇಳಿದ್ದರು. ಹದಿನೈದು ನಿಮಿಷದ ಸುತ್ತುಗಳು. ಎಷ್ಟು ಸುತ್ತು ಎಂಬ ಮಿತಿ ಇಲ್ಲ. ತೀರ್ಪುಗಾರರ ತೀರ್ಮಾನ ಇಲ್ಲ. ರೆಫರಿ ತಡೆಯುವಂತಿಲ್ಲ. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಿ. ಸಾಕು ಎನ್ನುವ ಅಧಿಕಾರವನ್ನು ಹೊರಗಿನವರೆಲ್ಲರ ಕೈಯಿಂದ ಕಿತ್ತು, ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು.

ಮೊದಲ ಸುತ್ತಿನ ಕೊನೆಗೆ ಸಕುರಾಬಾ ಮೊಣಕಾಲಿಗೆ ಪಟ್ಟು ಹಾಕಿದ. ರಾಯ್ಸ್ ಹೇಗೋ ಉಳಿದುಕೊಂಡ. ಬಳಿಕ ರಾಯ್ಸ್‌ಗೂ ಕತ್ತು ಹಿಡಿಯುವ ಸಂದರ್ಭ ಒದಗಿತು, ಸಕುರಾಬಾ ನುಣುಚಿಕೊಂಡ. ರಾಯ್ಸ್ ತೊಟ್ಟಿದ್ದ ದಪ್ಪ ಬಿಳಿಯ ಅಂಗಿ ಆ ಮನೆತನದ ಹೆಮ್ಮೆ. ಅದನ್ನೇ ಸಕುರಾಬಾ ಹಿಡಿಕೆ ಮಾಡಿಕೊಂಡ. ಮತ್ತೆ ತೊಡೆಗೆ ಒದೆತಗಳ ಮೇಲೆ ಒದೆತ. ನಾಲ್ಕು, ಐದು, ಆರು ಸುತ್ತು. ಒಟ್ಟು ತೊಂಬತ್ತು ನಿಮಿಷ. ಏಳನೆಯದಕ್ಕೆ ರಾಯ್ಸ್‌ನ ಕಾಲು ಏಳಲಾರದು. ಅವನು ತಟ್ಟಲಿಲ್ಲ. ಅವನ ಅಣ್ಣ ರೋರಿಯನ್ ಟವಲು ಎಸೆದ.

ಅದೇ ರಾತ್ರಿ ಸಕುರಾಬಾ ಮತ್ತೊಮ್ಮೆ ಅಖಾಡಕ್ಕೆ ಇಳಿದ. ಎದುರಿಗೆ ತನಗಿಂತ ಬಹಳ ತೂಕದ ಉಕ್ರೇನಿನ ಇಗೊರ್ ವೋವ್‌ಚಾಂಚಿನ್. ಹದಿನೈದು ನಿಮಿಷದಲ್ಲಿ ಸೋಲು ಗೆಲವು ಇತ್ಯರ್ಥವಾಗಲಿಲ್ಲ. ಹೆಚ್ಚಿನ ಸುತ್ತಿಗೆ ಕರೆದಾಗ ಅವನ ಕಡೆಯವರೂ ಟವಲು ಎಸೆದರು. ಒಂದೇ ರಾತ್ರಿ ಎರಡು ಟವಲು. ಎರಡನ್ನೂ ಎಸೆದದ್ದು ಅವರವರನ್ನು ಬಲ್ಲವರು.

ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ? ನಾನು ಹೈಸ್ಕೂಲಿನ ಹುಡುಗನಾಗಿದ್ದಾಗ ನಮ್ಮೂರ ಜಾತ್ರೆಯ ಕುಸ್ತಿಯಲ್ಲಿ ನನ್ನ ಅಣ್ಣ ಹಿಡಿದಿದ್ದ. ಎದುರಾಳಿ ಅವನ ಎಡತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಚಿತ್ ಮಾಡಲು ನೋಡುತ್ತಿದ್ದ. ಬೆನ್ನು ಮಣ್ಣಿಗೆ ಕೊಟ್ಟಿದ್ದರೆ ತೋಳು ಉಳಿಯುತ್ತಿತ್ತು. ಅಣ್ಣ ಒಮ್ಮೆ ನಮ್ಮ ತಂದೆಯ ಕಡೆ ನೋಡಿದ. ತಂದೆ ಜನರ ಕಡೆ ನೋಡಿದರು. ನಾನು, ‘ಬಿಡಬೇಡಣ್ಣಾ’ ಎಂದು ಕೂಗಿದೆ. ಅಣ್ಣ ಬಿಡಲಿಲ್ಲ. ಮಾನ ನಮ್ಮೆಲ್ಲರದು, ತೋಳು ಅವನೊಬ್ಬನದು. ಆ ಕೈ ಇಂದಿಗೂ ಭುಜದಿಂದ ಮೇಲಕ್ಕೆ ಏಳುವುದಿಲ್ಲ.

ಮುಂದೆ ನಾನು ಮೇಷ್ಟರಾದೆ. ರನ್ನನ ದುರ್ಯೋಧನನ ಛಲವನ್ನು ವರ್ಷವರ್ಷವೂ ಹುಡುಗರ ಮುಂದೆ ಹಾಡಿ ಹೊಗಳಿದೆ. ಧೃತರಾಷ್ಟ್ರ ಗಾಂಧಾರಿಯರು ರಣಭೂಮಿಗೇ ಬಂದು ಸಂಧಿ ಮಾಡಿಕೋ ಎಂದು ಬೇಡುವ ಭಾಗವನ್ನು ಮಾತ್ರ ಬೇಗಬೇಗ ದಾಟಿಸುತ್ತಿದ್ದೆ. ಈಗ ದಾಟಿಸುವುದಿಲ್ಲ. ಅಲ್ಲಿ ನಿಲ್ಲುತ್ತೇನೆ. ಅವರು ಎಸೆಯಬೇಕಾಗಿದ್ದ ಟವಲನ್ನು ಎಷ್ಟು ತಡವಾಗಿ ಎಸೆದರು ಎಂದು ಹುಡುಗರನ್ನು ಕೇಳುತ್ತೇನೆ.

ಛಲ ಬೇಡವೆಂದು ನಾನು ಹೇಳುವುದಿಲ್ಲ. ಕಾದುವವನಿಗೆ ಛಲ ಇರಲೇಬೇಕು. ಆದ್ದರಿಂದಲೇ ಸಾಕೆಂಬ ಮಾತು ಅವನ ಬಾಯಿಂದ ಬರುವುದು ಕಷ್ಟ. ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿ. ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಒಸರಿತೋ, ಕಾಳಗ ಅಲ್ಲಿಗೇ ನಿಂತಿತು. ನಿಲ್ಲಿಸುವ ಹೊರೆಯನ್ನು ಕಾದುವವನ ಮೇಲೆ ಅವರು ಹೇರಲಿಲ್ಲ.

ಹೋದ ರಜೆಯಲ್ಲಿ ಅಣ್ಣ ಮನೆಗೆ ಬಂದಿದ್ದಾಗ ಇಬ್ಬರೂ ಕುಳಿತು ಟೋಕಿಯೋ ಪಂದ್ಯವನ್ನು ಪೂರ್ತಿ ನೋಡಿದೆವು. ತೊಂಬತ್ತು ನಿಮಿಷವೂ ಅವನು ಮಾತಾಡಲಿಲ್ಲ. ಕೊನೆಗೆ ಟವಲು ಬಿದ್ದಿತು. ‘ಎಸೆದೋನು ಯಾರೋ?’ ಎಂದ. ‘ಅವನ ಅಣ್ಣ’ ಎಂದೆ. ‘ಒಳ್ಳೇ ಅಣ್ಣ ಕಣೋ’ ಎಂದು ಬಲಗೈಯಿಂದ ಕಾಫಿ ಲೋಟ ಎತ್ತಿಕೊಂಡ. ನಾನು ಬೇರೇನೂ ಹೇಳಲಾರದೆ ಹೋದೆ.

ನಿಮ್ಮ ಮನೆಯಲ್ಲಿಯೂ ಯಾರೋ ಒಬ್ಬರು ಯಾವುದೋ ಕಾಳಗದಲ್ಲಿ ಇರಬಹುದು. ಅದು ಪರೀಕ್ಷೆಯಾಗಿರಬಹುದು, ವ್ಯಾಪಾರವಾಗಿರಬಹುದು, ಕೋರ್ಟು ಕಚೇರಿಯ ವ್ಯಾಜ್ಯವಾಗಿರಬಹುದು. ಒಂದು ಗಳಿಗೆ ಅವರು ನಿಮ್ಮ ಕಡೆ ತಿರುಗಿ ನೋಡುತ್ತಾರೆ. ಆಗ ಜನರ ಕಡೆ ನೋಡಬೇಡಿ. ಅವರ ಮುಖವನ್ನೇ ನೋಡಿ, ಟವಲು ಕೈಯಲ್ಲಿರಲಿ.