ನೀಲಿ ಮಾತ್ರೆ ಮತ್ತು ಬಂಗಾರದ ಪದಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಗೋಷ್ಠಿಗೆ ಕರೆದ ಮೇಷ್ಟ್ರು, "ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಪ್ಪ" ಅಂದರು. ಅದು ಈ ಮಕ್ಕಳಿಗೆ ಮೊಬೈಲಿನಲ್ಲೇ ಸಿಗುತ್ತದೆ. ನಮ್ಮ ಶಾಲೆಗೆ ತಾಲ್ಲೂಕಿನಲ್ಲಿ ಮೊದಲು ಹೆಸರು ಬಂದದ್ದು ಖೋ ಖೋ ಮತ್ತು ರಿಲೇಯಿಂದ. ಹಾಗಾಗಿ ಆಟದ ಬಗ್ಗೆ, ಆಟದ ಹಿಂದೆ ನಿಂತು ಲೆಕ್ಕ ಹಾಕುವವರ ಬಗ್ಗೆ ಮಾತಾಡುತ್ತೇನೆ ಎಂದು ಒಪ್ಪಿಸಿದೆ.

ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಪೂರ್ವ ಜರ್ಮನಿಯಲ್ಲಿ, ಅಲ್ಲಿನ ಆಳುವ ಪಕ್ಷ ಒಂದು ಗುಟ್ಟಿನ ತೀರ್ಮಾನ ಮಾಡಿತು. ಅದಕ್ಕೆ ಇಟ್ಟ ಹೆಸರು 'ರಾಜ್ಯ ಯೋಜನೆ ವಿಷಯ 14.25'. ಹೆಸರು ಕೇಳಿದರೆ ಯಾವುದೋ ಕಚೇರಿಯ ಫೈಲು ಅನಿಸುತ್ತದೆ. ಆ ಫೈಲಿನ ಒಳಗೆ ಇದ್ದದ್ದು ಇಷ್ಟು: ದೇಶದ ಕ್ರೀಡಾಪಟುಗಳಿಗೆ ಸರ್ಕಾರವೇ, ವ್ಯವಸ್ಥಿತವಾಗಿ, ಶಕ್ತಿ ಹೆಚ್ಚಿಸುವ ಹಾರ್ಮೋನು ಔಷಧ ಕೊಡುವುದು.

ಒಂದು ಸರ್ಕಾರಕ್ಕೆ ಇಂಥ ಬುದ್ಧಿ ಯಾಕೆ ಬಂತು? ಎರಡನೇ ಮಹಾಯುದ್ಧದ ಬಳಿಕ ಜರ್ಮನಿ ಎರಡಾಯಿತು. ಪೂರ್ವದ್ದು ಸೋವಿಯತ್ ಒಕ್ಕೂಟದ ಕಡೆ, ಪಶ್ಚಿಮದ್ದು ಅಮೆರಿಕದ ಕಡೆ. ಪೂರ್ವ ಜರ್ಮನಿಯನ್ನು ಒಂದು ದೇಶವೆಂದೇ ಹಲವು ರಾಷ್ಟ್ರಗಳು ಬಹುಕಾಲ ಒಪ್ಪಲಿಲ್ಲ. ವಿಶ್ವಸಂಸ್ಥೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದೇ 1973ರಲ್ಲಿ. ಅದರ ಜನಸಂಖ್ಯೆ ಸುಮಾರು 1.7 ಕೋಟಿ, ಆಗಿನ ಕರ್ನಾಟಕಕ್ಕಿಂತಲೂ ಬಹಳ ಕಡಿಮೆ. ಇಷ್ಟು ಚಿಕ್ಕ ದೇಶದ ಬಾವುಟವನ್ನು ಜಗತ್ತೆಲ್ಲ ಎದ್ದು ನಿಂತು ನೋಡುವ ಜಾಗ ಒಂದೇ ಇತ್ತು, ಒಲಿಂಪಿಕ್ಸ್‌ನ ಪದಕ ಕಟ್ಟೆ. ಅಲ್ಲಿನ ಕ್ರೀಡಾಪಟುಗಳನ್ನು 'ಟ್ರ್ಯಾಕ್‌ಸೂಟ್ ತೊಟ್ಟ ರಾಯಭಾರಿಗಳು' ಎಂದು ಕರೆಯುತ್ತಿದ್ದರು. ಗೆದ್ದ ಆಟಗಾರನಿಗೆ ಮನೆ, ಹೊರದೇಶ ಸುತ್ತುವ ಅವಕಾಶ, ಉಳಿದವರು ಹತ್ತಾರು ವರ್ಷ ಕಾಯಬೇಕಿದ್ದ ಕಾರು, ಎಲ್ಲವೂ ಬೇಗ ಸಿಗುತ್ತಿತ್ತು.

ವ್ಯವಸ್ಥೆಯಲ್ಲಿ ಒಳ್ಳೆಯದೂ ಇತ್ತು, ಅದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಶಾಲೆ ಶಾಲೆಗೆ ಹೋಗಿ ಮಕ್ಕಳ ಎತ್ತರ, ಕೈಕಾಲಿನ ಉದ್ದ, ಓಟದ ವೇಗ ಅಳೆಯುತ್ತಿದ್ದರು. ಯಾವ ಮಗು ಯಾವ ಆಟಕ್ಕೆ ಸರಿ ಎಂದು ನೋಡಿ ಕ್ರೀಡಾ ಶಾಲೆಗಳಿಗೆ ಸೇರಿಸುತ್ತಿದ್ದರು. ಲೈಪ್‌ಜಿಗ್ ನಗರದಲ್ಲಿ ತರಬೇತುದಾರರನ್ನು ತಯಾರು ಮಾಡುವ ದೊಡ್ಡ ಕಾಲೇಜೇ ಇತ್ತು. ನಮ್ಮ ಪಿ.ಟಿ. ಮೇಷ್ಟ್ರಿಗೆ ಆ ಸೌಲಭ್ಯದಲ್ಲಿ ಹತ್ತರಲ್ಲಿ ಒಂದು ಪಾಲು ಸಿಕ್ಕಿದ್ದರೂ ನಮ್ಮೂರಿನ ಕಥೆಯೇ ಬೇರೆ ಇರುತ್ತಿತ್ತು. ಆದರೆ ಆ ಸರ್ಕಾರಕ್ಕೆ ಅಷ್ಟು ಸಾಕಾಗಲಿಲ್ಲ.

ಲೆಕ್ಕ ನೋಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಮಹಿಳಾ ಈಜುಗಾರ್ತಿಯರಿಗೆ ಒಂದೂ ಚಿನ್ನ ಇರಲಿಲ್ಲ. ನಾಲ್ಕೇ ವರ್ಷದಲ್ಲಿ, 1976ರ ಮಾಂಟ್ರಿಯಲ್‌ನಲ್ಲಿ, ಮಹಿಳೆಯರ 13 ಈಜು ಸ್ಪರ್ಧೆಗಳ ಪೈಕಿ 11ರಲ್ಲಿ ಚಿನ್ನ ಅವರದೇ. ಒಟ್ಟು ಚಿನ್ನದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ 49, ಈ ಪುಟ್ಟ ದೇಶಕ್ಕೆ 40, ಅಮೆರಿಕಕ್ಕೆ 34. ಆ ಸಲ ಭಾರತಕ್ಕೆ ಒಂದೂ ಪದಕ ಬರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಗ್ರಾಫ್ ಹೀಗೆ ಏಕಾಏಕಿ ನೆಟ್ಟಗೆ ಮೇಲೇರಿದರೆ ಸಿಹಿ ಹಂಚುವುದಿಲ್ಲ, ಎಲ್ಲೋ ಏನೋ ಆಗಿದೆ ಎಂದು ಮೊದಲು ಪರೀಕ್ಷೆ ಮಾಡುತ್ತೇವೆ.

ಅಮೆರಿಕದ ಶರ್ಲಿ ಬಾಬಾಶೋಫ್ ಎಂಬ ಈಜುಗಾರ್ತಿ ಆಗಲೇ ಬಾಯಿಬಿಟ್ಟು ಕೇಳಿದಳು: ಅವರ ಧ್ವನಿ ಯಾಕೆ ಅಷ್ಟು ಗಡಸು, ಭುಜ ಯಾಕೆ ಅಷ್ಟು ಅಗಲ ಎಂದು. ಅವಳ ಮಾತು ಯಾರೂ ನಂಬಲಿಲ್ಲ. ಸೋತವಳ ಹೊಟ್ಟೆಕಿಚ್ಚು ಎಂದು ಅವಳದೇ ದೇಶದ ಪತ್ರಿಕೆಗಳು ಅಣಕಿಸಿದವು. ಆ ಕೂಟದಲ್ಲಿ ಅವಳಿಗೆ ನಾಲ್ಕು ಬೆಳ್ಳಿ, ಕೊನೆಗೆ ರಿಲೇಯಲ್ಲಿ ಗೆಳತಿಯರ ಜೊತೆ ಒಂದು ಚಿನ್ನ.

ಔಷಧದ ಹೆಸರು ಓರಲ್ ಟುರಿನಾಬೋಲ್. ಯೇನಾ ಊರಿನ ಯೇನಾಫಾರ್ಮ್ ಎಂಬ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ನೀಲಿ ಮಾತ್ರೆ. ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೂ, ಅಂದರೆ ನಮ್ಮ ಎಂಟನೇ ಒಂಬತ್ತನೇ ತರಗತಿಯ ವಯಸ್ಸಿನವರಿಗೂ, ಇದನ್ನು 'ವಿಟಮಿನ್' ಎಂದು ಹೇಳಿ ಕೊಡುತ್ತಿದ್ದರು. ಅಪ್ಪ ಅಮ್ಮನಿಗೆ ಗೊತ್ತಿಲ್ಲ. ಎಷ್ಟೋ ಮಕ್ಕಳಿಗೂ ಗೊತ್ತಿಲ್ಲ. ಗೊತ್ತಿದ್ದ ವೈದ್ಯರು ಮತ್ತು ತರಬೇತುದಾರರು ಗುಟ್ಟು ಕಾಯಬೇಕಿತ್ತು, ಅದರ ಮೇಲೆ ಗುಪ್ತ ಪೊಲೀಸರ ಕಣ್ಣಿತ್ತು. ಹೀಗೆ ಔಷಧ ಪಡೆದವರು ಸುಮಾರು ಹತ್ತು ಸಾವಿರ ಮಂದಿ ಎಂದು ಅಂದಾಜು.

ಹೊರದೇಶದಲ್ಲಿ ಸಿಕ್ಕಿಬೀಳುತ್ತಿರಲಿಲ್ಲವೇ ಎಂದು ಕೇಳಬಹುದು. ಡ್ರೆಸ್ಡೆನ್ ಪಕ್ಕದ ಕ್ರೈಷಾದಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪ್ರಯೋಗಾಲಯವಿತ್ತು. ಕಳ್ಳರನ್ನು ಹಿಡಿಯಬೇಕಾದ ಆ ಪ್ರಯೋಗಾಲಯದಲ್ಲೇ, ದೇಶ ಬಿಡುವ ಮುಂಚೆ ತಮ್ಮ ಆಟಗಾರರ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ಔಷಧದ ಅಂಶ ಇನ್ನೂ ಉಳಿದಿದ್ದರೆ 'ಗಾಯವಾಗಿದೆ' ಎಂದು ಹೇಳಿ ಅವರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಕಾವಲುಗಾರನ ಕೈಯಲ್ಲೇ ಕನ್ನಗತ್ತಿ.

ಬೆಲೆ ತೆತ್ತವರು ಯಾರು? ಹೈಡಿ ಕ್ರೀಗರ್ ಎಂಬ ಹುಡುಗಿ ಶಾಟ್‌ಪುಟ್ ಆಟಗಾರ್ತಿ. ಹದಿನಾರರ ವಯಸ್ಸಿಗೆ ನೀಲಿ ಮಾತ್ರೆ ಶುರು. 1986ರಲ್ಲಿ ಯುರೋಪ್ ಚಾಂಪಿಯನ್. ದೇಹ ಗಂಡಸಿನಂತಾಗುತ್ತಾ ಹೋಯಿತು, ಕೀಲುಗಳು ಭಾರ ತಾಳಲಿಲ್ಲ, ಮನಸ್ಸೂ ಕುಸಿಯಿತು. 1997ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಈಗ ಆಂಡ್ರಿಯಾಸ್ ಕ್ರೀಗರ್ ಎಂದು ಬದುಕುತ್ತಿದ್ದಾರೆ. ತಾನು ಯಾರಾಗಿ ಬದುಕಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಅವಕಾಶವನ್ನು ಆ ಮಾತ್ರೆಗಳು ಕಸಿದವು ಎಂಬುದು ಅವರ ದೂರು. ಇನ್ನೆಷ್ಟೋ ಹೆಂಗಸರಿಗೆ ಯಕೃತ್ತಿನ ರೋಗ, ಗರ್ಭಕೋಶದ ತೊಂದರೆ, ಮತ್ತೆ ಮೊದಲಿನಂತಾಗದ ಗಡಸು ಧ್ವನಿ.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಮರುವರ್ಷ ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ಕಡತಗಳನ್ನು ನಾಶ ಮಾಡುವ ಮುಂಚೆ ವರ್ನರ್ ಫ್ರಾಂಕೆ ಎಂಬ ವಿಜ್ಞಾನಿ ಮತ್ತು ಅವರ ಪತ್ನಿ, ಹಿಂದೆ ಡಿಸ್ಕಸ್ ಎಸೆಯುತ್ತಿದ್ದ ಬ್ರಿಗಿಟೆ ಬೆರೆಂಡೊಂಕ್, ಒಂದು ಮಿಲಿಟರಿ ಆಸ್ಪತ್ರೆಯಲ್ಲಿದ್ದ ದಾಖಲೆಗಳನ್ನು ಹುಡುಕಿ ತೆಗೆದರು. ಯಾರಿಗೆ, ಯಾವಾಗ, ಎಷ್ಟು ಮಿಲಿಗ್ರಾಂ ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. 1991ರಲ್ಲಿ ಬೆರೆಂಡೊಂಕ್ ಅದನ್ನು ಪುಸ್ತಕವಾಗಿ ಹೊರತಂದರು.

2000ದಲ್ಲಿ ಬರ್ಲಿನ್ ನ್ಯಾಯಾಲಯ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳು, ವೈದ್ಯ ಮಾನ್‌ಫ್ರೆಡ್ ಹೋಪ್ನರ್‌ಗೆ 18 ತಿಂಗಳು ಶಿಕ್ಷೆ ಕೊಟ್ಟಿತು. ಎರಡೂ ಅಮಾನತಿನಲ್ಲಿಟ್ಟ ಶಿಕ್ಷೆ. ಒಬ್ಬರೂ ಜೈಲಿಗೆ ಹೋಗಲಿಲ್ಲ. ಮಾಂಟ್ರಿಯಲ್‌ನ ಈಜು ಪದಕಗಳ ಪಟ್ಟಿ ಇಂದಿಗೂ ಬದಲಾಗಿಲ್ಲ. ಶರ್ಲಿಯ ಬೆಳ್ಳಿ ಬೆಳ್ಳಿಯಾಗಿಯೇ ಉಳಿದಿದೆ.

ಇದು ಒಂದು ಪಕ್ಷದ, ಒಂದು ಸಿದ್ಧಾಂತದ ಪಾಪ ಮಾತ್ರ ಎಂದು ತಿಳಿಯಬೇಡಿ. ಪಶ್ಚಿಮ ಜರ್ಮನಿಯಲ್ಲೂ ಸರ್ಕಾರದ ದುಡ್ಡಿನಲ್ಲಿ ಇಂಥ ಔಷಧಗಳ ಸಂಶೋಧನೆ ನಡೆದಿತ್ತೆಂದು 2013ರಲ್ಲಿ ವರದಿ ಬಂತು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ರಷ್ಯಾದವರು ಪ್ರಯೋಗಾಲಯದ ಗೋಡೆಗೆ ತೂತು ಕೊರೆದು ರಾತ್ರಿಯಲ್ಲಿ ಮೂತ್ರದ ಬಾಟಲಿ ಬದಲಾಯಿಸಿದರೆಂದು ಮೆಕ್‌ಲಾರೆನ್ ತನಿಖೆ ಹೇಳಿತು.

ನಮ್ಮ ಮನೆಯ ಮಾತಿಗೆ ಬರೋಣ. 2011ರಲ್ಲಿ ನಮ್ಮ ದೇಶದ 4x400 ರಿಲೇ ಓಟಗಾರ್ತಿಯರು ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯೂ ಇದ್ದರು. ಹಿಂದಿನ ವರ್ಷವಷ್ಟೇ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು ನಮ್ಮನ್ನೆಲ್ಲ ಕುಣಿಸಿದವರು. ವಿದೇಶಿ ತರಬೇತುದಾರ ಕೊಟ್ಟ ಜಿನ್ಸೆಂಗ್‌ನಲ್ಲಿ ನಿಷೇಧಿತ ಅಂಶವಿತ್ತು, ತಮಗೆ ತಿಳಿದಿರಲಿಲ್ಲ ಎಂದು ಆಟಗಾರ್ತಿಯರು ಹೇಳಿದರು. ತರಬೇತುದಾರನನ್ನು ಮನೆಗೆ ಕಳಿಸಿದರು. ಓಟಗಾರ್ತಿಯರಿಗೆ ಎರಡು ವರ್ಷ ನಿಷೇಧ. ನಿಯಮ ಇರುವುದೇ ಹಾಗೆ, ದೇಹದಲ್ಲಿ ಏನು ಸಿಕ್ಕರೂ ಅದಕ್ಕೆ ಆಟಗಾರರೇ ಹೊಣೆ.

2023ರಲ್ಲಿ ದೆಹಲಿಯ ರಾಜ್ಯ ಮಟ್ಟದ ಕೂಟಕ್ಕೆ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ನೂರು ಮೀಟರ್ ಫೈನಲ್‌ನಲ್ಲಿ ಓಡಲು ಉಳಿದದ್ದು ಒಬ್ಬನೇ ಹುಡುಗ. ಉಳಿದವರು ಜಾಗ ಖಾಲಿ ಮಾಡಿದ್ದರು. ನಮ್ಮಲ್ಲಿ ಮಕ್ಕಳ ಮೇಲೆ ಯಾವ ಗುಪ್ತ ಯೋಜನೆಯೂ ಇಲ್ಲ. ಆದರೆ ಒಂದು ಸರ್ಟಿಫಿಕೇಟಿಗೆ ಕ್ರೀಡಾ ಕೋಟಾದ ಕೆಲಸ ತಗುಲಿಕೊಂಡಿದೆ. ಬಡವರ ಮನೆಗೆ ಆ ಕೆಲಸ ಎಂದರೆ ಏನು ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಅಲ್ಲಿ ಸರ್ಕಾರದ ಆಸೆ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ಬಡತನ ಮತ್ತು ಅವಸರ ಮಾಡುತ್ತಿವೆ. ಎರಡು ಕಡೆಯೂ ಬೆಲೆ ತೆರುವುದು ಮಗುವಿನ ಮೈ.

ಹೀಗಾಗಿ ಪಾಲಕರಲ್ಲಿ, ಆಟಗಾರ ಮಕ್ಕಳಲ್ಲಿ ನನ್ನ ಕೋರಿಕೆ ಚಿಕ್ಕದು. ಯಾರೇ ಕೊಟ್ಟರೂ, ಕೋಚ್ ಕೊಟ್ಟರೂ, ಜಿಮ್ಮಿನ ಅಣ್ಣ ಕೊಟ್ಟರೂ, ಮಾತ್ರೆ, ಪುಡಿ, ಇಂಜೆಕ್ಷನ್ ಇದ್ದರೆ ಹೆಸರು ಕೇಳಿ, ಡಬ್ಬದ ಮೇಲಿರುವುದನ್ನು ಓದಿ, ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. 'ನೋ ಯುವರ್ ಮೆಡಿಸಿನ್' ಎಂಬ ನಾಡಾದ ಆ್ಯಪ್ ಇದೆ. ಔಷಧದ ಹೆಸರು ಹಾಕಿದರೆ ಅದು ಆಟಗಾರರಿಗೆ ನಿಷಿದ್ಧವೋ ಅಲ್ಲವೋ ತಿಳಿಯುತ್ತದೆ. ಹೆಸರು ಹೇಳಲು ಹಿಂಜರಿಯುವವರು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳಬೇಡಿ.

ಇನ್ನು ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ನಾವು ದುಡ್ಡು ಸೇರಿಸಿ ಶಾಲೆಯ ಮೈದಾನ ಸರಿಮಾಡಿಸಬೇಕೆಂದು ಮೊನ್ನೆಯ ಸಭೆಯಲ್ಲಿ ಮಾತಾಯಿತು. ನನ್ನ ಪಾಲು ಕೊಡುತ್ತೇನೆ. ಆದರೆ ಎಷ್ಟು ಕಪ್ಪು ಬಂತು ಎಂದು ವರ್ಷಕ್ಕೊಮ್ಮೆ ಲೆಕ್ಕ ಕೇಳುವುದು ಬೇಡ. ಎಷ್ಟು ಮಕ್ಕಳು ಸಂಜೆ ಮೈದಾನಕ್ಕೆ ಇಳಿದರು, ಅವರಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಎಂದು ಕೇಳೋಣ. ಪದಕ ಎಣಿಸುವವರು ಹೆಚ್ಚಾದಾಗ ಮಕ್ಕಳನ್ನು ನೋಡುವವರು ಕಡಿಮೆಯಾಗುತ್ತಾರೆ. ಪೂರ್ವ ಜರ್ಮನಿಯಿಂದ ನಾನು ಕಲಿತದ್ದು ಇಷ್ಟೇ.

 ಊಟ ತಡವಾಗುತ್ತಿದೆ ಎಂದು ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ, ಮುಗಿಸುತ್ತೇನೆ.